ಮರಿಯಮ್ಮನ ಹತ್ತಿರ ಏನು ಕೇಳುತ್ತಾರೆ?

ಮಾಹಿಮ್‌ನ ಬುಧವಾರ ಮುಂಬೈ ಕನ್ನಡಿಗರಿಗೆ ಹೊಸದಲ್ಲ. ಸೇಂಟ್ ಮೈಕೆಲ್ ಚರ್ಚಿನಲ್ಲಿ ಬೆಳಗಿನಿಂದ ನೊವೇನಾ. ಒಂದು ಗುಂಪು ಹೊರಬರುವಷ್ಟರಲ್ಲಿ ಇನ್ನೊಂದು ಒಳಗೆ. ಬಾಂದ್ರಾದ ಮೌಂಟ್ ಮೇರಿಯ ಬಳಿ ಮೇಣದಲ್ಲಿ ಮಾಡಿದ ಕೈ, ಕಾಲು, ಮನೆ, ಮಗುವಿನ ಬೊಂಬೆ ಮಾರುತ್ತಾರೆ. ಯಾರಿಗೆ ಏನು ಬೇಕೋ ಅದನ್ನು ಕೊಂಡು ಅರ್ಪಿಸುವುದು. ಎರಡೂ ಕಡೆ ಜನ ಬರುವುದು ಯೇಸುವಿನ ತಾಯಿಯ ಹತ್ತಿರ. ಬರುವವರಲ್ಲಿ ಕ್ರೈಸ್ತರಲ್ಲದವರೂ ಬಹಳ.

ನನ್ನ ತಂಡದಲ್ಲಿ ಬಂಟ್ವಾಳದ ಕಡೆಯ ಕಥೋಲಿಕ ಹುಡುಗನೊಬ್ಬನಿದ್ದಾನೆ, ಮಿಜೋರಾಮಿನ ಪ್ರಾಟೆಸ್ಟಂಟ್ ಹುಡುಗಿಯೊಬ್ಬಳಿದ್ದಾಳೆ. ಒಮ್ಮೆ ಊಟದ ಹೊತ್ತಿನಲ್ಲಿ ಅವಳು ಅವನನ್ನು ಕೇಳಿದಳು: ದೇವರು ನಮ್ಮ ಮಾತನ್ನು ನೇರವಾಗಿ ಕೇಳುತ್ತಾನೆಂದ ಮೇಲೆ ಅವನ ತಾಯಿಯಿಂದ ಏಕೆ ಹೇಳಿಸಬೇಕು? ಅವನು ನಕ್ಕು, "ಮನೇಲಿ ಅಪ್ಪನಿಂದ ದುಡ್ಡು ಬೇಕಾದ್ರೆ ಅಮ್ಮನ ಕೈಲಿ ತಾನೆ ಹೇಳಿಸೋದು" ಎಂದ. ಎಲ್ಲರೂ ನಕ್ಕರು. ಮಾತು ಕ್ರಿಕೆಟ್ಟಿಗೆ ಹೊರಳಿತು.

ಆ ಉತ್ತರ ನನಗೆ ಒಪ್ಪಿಗೆಯಾಗಲಿಲ್ಲ. ನಾನು ಕ್ರೈಸ್ತನಲ್ಲ, ಅವರ ನಂಬಿಕೆಗೆ ತೀರ್ಪು ಕೊಡುವ ಅಧಿಕಾರವೂ ನನಗಿಲ್ಲ. ಆದರೆ ಶಿಫಾರಸು ಸರಿಯೋ ತಪ್ಪೋ ಎಂಬುದು ಎಲ್ಲರಿಗೂ ಸೇರಿದ ಪ್ರಶ್ನೆ. ನೇರವಾಗಿ ಕೇಳಿದರೆ ಆಗದ್ದು ಇನ್ನೊಬ್ಬರಿಂದ ಹೇಳಿಸಿದರೆ ಆಗುತ್ತದೆ ಎಂದಾದರೆ, ಕೊಡುವವನು ನ್ಯಾಯವಂತನಲ್ಲ, ಇಲ್ಲವೇ ಅವನಿಗೆ ಕಿವಿ ಮಂದ. ಪ್ರಾಜೆಕ್ಟ್ ಮ್ಯಾನೇಜರ್ ಕುರ್ಚಿಯಲ್ಲಿ ಕೂತವನಿಗೆ ಇದು ಚೆನ್ನಾಗಿ ಗೊತ್ತು. ಹೇಳಿಸಲು ಯಾರೂ ಇಲ್ಲದವನ ಗತಿಯೇನು? ತಾಯಿಯ ಕರುಣೆಯನ್ನು ಹೊಗಳುವ ಭರದಲ್ಲಿ ದೇವರನ್ನು ಗುಮಾಸ್ತರ ಹಿಂದೆ ಕೂತ ಸಾಹೇಬನನ್ನಾಗಿ ಮಾಡಿದ ಹಾಗಾಯಿತು.

ಕಥೋಲಿಕ ಧರ್ಮಸಭೆ ಹೇಳುವುದೂ ಹಾಗಲ್ಲ. ಅವರಲ್ಲಿ ಆರಾಧನೆ ದೇವರಿಗೆ ಮಾತ್ರ. ಸಂತರಿಗೆ ಸಲ್ಲುವುದು ಗೌರವ, ಮರಿಯಮ್ಮನಿಗೆ ಎಲ್ಲ ಸಂತರಿಗಿಂತ ಮಿಗಿಲಾದ ಗೌರವ. 431ರ ಎಫೆಸಸ್ ಸಭೆ ಆಕೆಯನ್ನು ದೇವಮಾತೆ ಎಂದು ಕರೆಯುವುದನ್ನು ಒಪ್ಪಿತು. ಆ ವಾದ ಕೂಡ ಮೂಲತಃ ಮಗನ ಕುರಿತದ್ದು: ಆಕೆ ಹೆತ್ತ ಕೂಸು ದೇವರೇ ಹೌದೇ ಎಂಬುದು. ಆಕೆಯನ್ನು ಎಷ್ಟು ಎತ್ತರದಲ್ಲಿ ಕೂರಿಸಬೇಕು ಎಂಬ ಜಗ್ಗಾಟ ಮಾತ್ರ ಇಂದಿಗೂ ಮುಗಿದಿಲ್ಲ. ಎರಡನೇ ವ್ಯಾಟಿಕನ್ ಮಹಾಸಭೆಯಲ್ಲಿ ಆಕೆಗೆಂದೇ ಬೇರೆ ದಸ್ತಾವೇಜು ಬೇಕೇ, ಧರ್ಮಸಭೆಯ ಕುರಿತ ದಸ್ತಾವೇಜಿನಲ್ಲೇ ಒಂದು ಅಧ್ಯಾಯ ಸಾಕೇ ಎಂದು 1963ರ ಅಕ್ಟೋಬರಿನಲ್ಲಿ ಮತಕ್ಕೆ ಹಾಕಿದರು. ಅಧ್ಯಾಯ ಸಾಕು ಎಂದವರು 1114, ಬೇರೆ ಬೇಕು ಎಂದವರು 1074. ಎರಡು ಸಾವಿರಕ್ಕೂ ಹೆಚ್ಚು ಮತಗಳಲ್ಲಿ ನಲವತ್ತರ ಅಂತರ! 2025ರ ನವೆಂಬರಿನಲ್ಲಿ ವ್ಯಾಟಿಕನ್ನು ಆಕೆಯನ್ನು 'ಸಹ-ವಿಮೋಚಕಿ' ಎಂದು ಕರೆಯುವುದು ತಕ್ಕದ್ದಲ್ಲ ಎಂದು ಟಿಪ್ಪಣಿ ಹೊರಡಿಸಿತು.

ಜಪಸರ ಹಿಡಿದು ಮತ್ತೆ ಮತ್ತೆ ಹೇಳುವ ಪ್ರಾರ್ಥನೆಯನ್ನೇ ನೋಡಿ. ಮೊದಲರ್ಧ ಲೂಕನ ಶುಭಸಂದೇಶದಿಂದ ಬಂದದ್ದು, ದೇವದೂತನ ಮತ್ತು ನೆಂಟಳು ಎಲಿಜಬೆತಳ ವಂದನೆಗಳು. ಕೋರಿಕೆ ಇರುವುದು ಉಳಿದರ್ಧದಲ್ಲಿ; ಅದು ಈಗಿನ ರೂಪದಲ್ಲಿ 1568ರ ಪ್ರಾರ್ಥನಾ ಗ್ರಂಥದಲ್ಲಿ ನೆಲೆನಿಂತಿತು. ಅಲ್ಲಿ ಮರಿಯಮ್ಮನನ್ನು ಏನನ್ನೂ ಕೊಡು ಎಂದು ಕೇಳುವುದಿಲ್ಲ. ನಮಗಾಗಿ ಪ್ರಾರ್ಥಿಸು ಎನ್ನುವುದಷ್ಟೇ. ಅದಕ್ಕೆ ಹೊತ್ತು ಎರಡು: ಈಗ, ಮತ್ತು ಸಾವಿನ ಗಳಿಗೆ.

ಹಾಗಾದರೆ ಮಿಜೋರಾಮಿನ ಹುಡುಗಿಯ ತಕರಾರು ನಿಜವಾಗಿ ಎಲ್ಲಿದೆ? ದೇವರಿಗೂ ಮನುಷ್ಯರಿಗೂ ನಡುವೆ ಯೇಸು ಒಬ್ಬನೇ ಮಧ್ಯಸ್ಥ ಎಂದು ಪೌಲನ ಹೆಸರಿನಲ್ಲಿರುವ ತಿಮೊಥೆಯನ ಪತ್ರ ಹೇಳುತ್ತದೆ. ಪ್ರಾಟೆಸ್ಟಂಟರಿಗೆ ಅದೇ ಆಧಾರ. ಆದರೆ ಅವಳೂ ತಂಗಿಯ ಪರೀಕ್ಷೆಗೆ ಗೆಳತಿಯರನ್ನು ಪ್ರಾರ್ಥಿಸಿ ಎಂದು ಕೇಳುತ್ತಾಳೆ. ಅದರಿಂದ ಯೇಸುವಿನ ಸ್ಥಾನಕ್ಕೆ ಕುಂದು ಬರುವುದಿಲ್ಲ ಎಂದಾದರೆ, ಉಳಿಯುವ ಪ್ರಶ್ನೆ ಒಂದೇ: ಸತ್ತವರನ್ನು ಹಾಗೆ ಕೇಳಬಹುದೇ? ಕಥೋಲಿಕರು ಸಂತರ ಬಳಗ ಸಾವಿನಿಂದ ಕಡಿಯುವುದಿಲ್ಲ ಎನ್ನುತ್ತಾರೆ. ಜಗಳವಿರುವುದು ಅಲ್ಲಿ. ಮಹಾಲಯಕ್ಕೆ ಎಡೆಯಿಡುವ ಮನೆಯಲ್ಲಿ ಬೆಳೆದ ನನಗೆ ಕಥೋಲಿಕರ ಮಾತು ಸಲೀಸಾಗಿ ಒಳಗಿಳಿಯುತ್ತದೆ. ಅದು ಪುರಾವೆಯಲ್ಲ, ಅಭ್ಯಾಸ.

ಬಂಟ್ವಾಳದ ಹುಡುಗ ತನ್ನೂರಿನ ತೆನೆಹಬ್ಬದ ಬಗ್ಗೆಯೂ ಹೇಳಿದ್ದ. ಸೆಪ್ಟೆಂಬರ್ 8, ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೂ ಮುಂಚೆ ದಿನವೂ ಮಕ್ಕಳು ಹೂ ಕೊಯ್ದು ತಂದು ಬಾಲೆ ಮರಿಯಮ್ಮನಿಗೆ ಹಾಕುವುದು, ಹಬ್ಬದ ದಿನ ಆಶೀರ್ವದಿಸಿದ ಹೊಸ ತೆನೆಯನ್ನು ಮನೆಗೆ ತಂದು ಹೊಸ ಅಕ್ಕಿ ಉಣ್ಣುವುದು. ಅಲ್ಲಿ ಬೇಡಿಕೆ ಕಡಿಮೆ, ಗಲಾಟೆ ಹೆಚ್ಚು ಎಂದು ಅವನ ನೆನಪು.

ಆಕೆ ಸ್ವತಃ ಬೇಡಿದ್ದು ಶುಭಸಂದೇಶಗಳಲ್ಲಿ ಒಂದೇ ಕಡೆ ಸಿಗುತ್ತದೆ, ಯೊವಾನ್ನನು ಬರೆದ ಕಾನಾ ಊರಿನ ಮದುವೆಯಲ್ಲಿ. ದ್ರಾಕ್ಷಾರಸ ಮುಗಿದಿದೆ, ಗಂಡಿನ ಕಡೆಯವರ ಮಾನ ಹೋಗುವ ಹೊತ್ತು. ಆಕೆ ಮಗನಿಗೆ ಮುಗಿದಿದೆ ಎಂದಷ್ಟೇ ಹೇಳುತ್ತಾಳೆ. ಹೀಗೆ ಮಾಡು ಎನ್ನುವುದಿಲ್ಲ. ಮಗ ತನ್ನ ಹೊತ್ತು ಇನ್ನೂ ಬಂದಿಲ್ಲ ಎಂದರೂ ವಾದಿಸುವುದಿಲ್ಲ. ಅವನು ಹೇಳಿದಂತೆ ಮಾಡಿ ಎಂದು ಆಳುಗಳಿಗೆ ಹೇಳಿ ಸುಮ್ಮನಾಗುತ್ತಾಳೆ. ನೀರು ದ್ರಾಕ್ಷಾರಸವಾಯಿತು. ಶಿಫಾರಸಿನ ಪಕ್ಷದವರು ಹಿಡಿದುಕೊಳ್ಳುವುದು ಈ ಕಥೆಯನ್ನು.

ಆದರೆ ಅದೇ ಶುಭಸಂದೇಶದಲ್ಲಿ ಆಕೆ ಮತ್ತೆ ಕಾಣಿಸುವುದು ಶಿಲುಬೆಯ ಕೆಳಗೆ. ನಿಂತಿದ್ದಳು ಎಂದಿದೆ. ಆಕೆ ಏನಾದರೂ ಕೇಳಿದಳೆಂದು ಬರೆದಿಲ್ಲ. ಮದುವೆಮನೆಯ ದ್ರಾಕ್ಷಾರಸಕ್ಕೆ ನಡೆದ ಮಾತು ಹೆತ್ತ ಮಗನ ಪ್ರಾಣಕ್ಕೆ ನಡೆಯಲಿಲ್ಲ. ಪ್ರಭಾವಿಗಳನ್ನು ಹುಡುಕಿಕೊಂಡು ಹೊರಟವನು ಹೋಗುವ ಬಾಗಿಲು ಇದಲ್ಲ.

ಹೋದ ವರ್ಷ ಆ ಹುಡುಗನ ತಾಯಿ ಆಸ್ಪತ್ರೆ ಸೇರಿದರು, ವೆಂಟಿಲೇಟರ್ ಹಾಕಿದ್ದರು. ಮನೆಯವರು ಹೊರಗೆ ಕುರ್ಚಿಗಳಲ್ಲಿ ಕೂತು ಕೊಂಕಣಿಯಲ್ಲಿ ಜಪಸರ ಹೇಳುತ್ತಿದ್ದರು. ನನಗೆ ಕಿವಿಗೆ ಬಿದ್ದದ್ದು ಅದರ ಲಯ ಮಾತ್ರ. ಹನ್ನೊಂದನೇ ದಿನ ಆ ತಾಯಿ ತೀರಿಕೊಂಡರು. ಕೆಲಸಕ್ಕೆ ಮರಳಿದ ವಾರವೇ ಅವನು ಬೇಗ ಹೊರಡಲು ಅನುಮತಿ ಕೇಳಿದ. ಎಲ್ಲಿಗೆ ಎಂದೆ. "ಬುಧವಾರ ಅಲ್ವಾ ಸರ್" ಎಂದ. ಕೇಳಿದ್ದು ಸಿಗದ ಮೇಲೂ ಏಕೆ ಎಂದು ನಾನು ಕೇಳಲಿಲ್ಲ. ಕೇಳುವಂಥ ಮಾತೂ ಅಲ್ಲ. ಶಿಫಾರಸು ಕೆಲಸ ಮಾಡದಿದ್ದರೆ ನಾವು ಬೇರೆಯವರನ್ನು ಹಿಡಿಯುತ್ತೇವೆ. ಅವನು ಹಾಗೆ ಮಾಡಲಿಲ್ಲ. ತನ್ನವರು ಸಾಯುವುದನ್ನು ಕಣ್ಣಾರೆ ನೋಡಿದವಳ ಹತ್ತಿರ, ತನ್ನ ಅಮ್ಮನ ಪಕ್ಕದಲ್ಲಿ ನಿಲ್ಲು ಎಂದು ಕೇಳಿರಬೇಕು. ಆ ಕೋರಿಕೆ ಈಡೇರಿತೋ ಇಲ್ಲವೋ ಆಸ್ಪತ್ರೆಯ ಚಾರ್ಟ್ ನೋಡಿ ಹೇಳಲಾಗದು.

ಇಷ್ಟು ಬರೆದ ಮೇಲೆ ಒಂದು ಅಳುಕು. ಸುಮ್ಮನೆ ನಿಂತು ಸಹಿಸಿದ ತಾಯಿಯನ್ನು ಹೆಂಗಸರಿಗೆ ಮಾದರಿಯೆಂದು ತೋರಿಸುವುದು ಬಹಳ ಸುಲಭ, ನಮ್ಮಲ್ಲಿ ಸೀತೆಯನ್ನು ತೋರಿಸಿದ ಹಾಗೆ. ಲೂಕ ಬರೆದಿಟ್ಟ ಮರಿಯಮ್ಮ ಅಷ್ಟು ಸುಮ್ಮನಿರುವವಳಲ್ಲ. ಬಸುರಿಯಾಗಿ ಎಲಿಜಬೆತಳ ಮನೆಗೆ ಬಂದವಳು ಹಾಡುವ ಹಾಡಿನಲ್ಲಿ ಅಧಿಕಾರಸ್ಥರು ಪೀಠದಿಂದ ಉರುಳುತ್ತಾರೆ, ಹಸಿದವರ ಹೊಟ್ಟೆ ತುಂಬುತ್ತದೆ, ಸಿರಿವಂತರು ಬರಿಗೈಯಲ್ಲಿ ಹೋಗುತ್ತಾರೆ. ಲೂಥರ್ 1521ರಲ್ಲಿ ಈ ಹಾಡಿಗೆ ವ್ಯಾಖ್ಯಾನವನ್ನೇ ಬರೆದ. ಯಾರ ಕಣ್ಣಿಗೂ ಬೀಳದ ಹುಡುಗಿಯ ಮೇಲೆ ದೇವರ ಕಣ್ಣು ಬಿತ್ತು ಎನ್ನುವುದೇ ಅವನಿಗೆ ಅದರಲ್ಲಿ ದೊಡ್ಡದಾಗಿ ಕಂಡದ್ದು. ಈ ಹಾಡಿನ ಮಟ್ಟಿಗೆ ನನ್ನ ತಂಡದ ಆ ಇಬ್ಬರಿಗೂ ಜಗಳವಿಲ್ಲ.