ನಟ್ಟು ಸಡಿಲಿಸಿದರೆ ಉದ್ದವಾಗುವ ಜೀವ

ಬೆಂಗಳೂರಿನಲ್ಲಿ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್, ಅದೂ 1884ರ ಜನವರಿಯಲ್ಲಿ. ಇಲ್ಲಿನ ಕೆರೆ ಹೆಪ್ಪುಗಟ್ಟುವ ಮಾತೇ ಇಲ್ಲ. ಬಯಲಲ್ಲಿ ಐಸ್ ಸ್ಕೇಟಿಂಗ್ ಬೇಕೆಂದರೆ ಶಿಮ್ಲಾಕ್ಕೆ ಹೋಗಬೇಕು. ಅಲ್ಲಿ 1920ರಿಂದ ರಿಂಕ್ ಇದೆ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಮಕ್ಕಳ ಪಾಲಿಗೆ ಬಂದದ್ದು ಬೇರಿಂಗ್ ಗಾಡಿ. ಲೇತ್ ಶೆಡ್ಡು, ಪ್ಲೇಟಿಂಗ್ ಶೆಡ್ಡುಗಳ ನಡುವೆ ಸವೆದ ಬೇರಿಂಗಿಗೆ ಬರವೇ? ಹಲಗೆಯ ಕೆಳಗೆ ಮೂರು ಬೇರಿಂಗ್, ಹಿಂದಿನಿಂದ ತಳ್ಳಲು ಒಬ್ಬ ಗೆಳೆಯ, ಇಡೀ ಬೀದಿಗೆ ಕೇಳುವ ಗರಗರ ಸದ್ದು. ಸ್ವಲ್ಪ ಕಾಸಿದ್ದ ಮನೆಯ ಮಕ್ಕಳಿಗೆ ನಾಲ್ಕು ಚಕ್ರದ ಕಬ್ಬಿಣದ ಸ್ಕೇಟು. ಶಾಲೆಯ ಕ್ಯಾನ್ವಾಸ್ ಶೂ ಮೇಲೆಯೇ ಪಟ್ಟಿ ಬಿಗಿದರೆ ಆಯಿತು.

ಈಗ ನಡುವಯಸ್ಸು ದಾಟಿದ ಆ ಮಕ್ಕಳ ಹಂಬಲ ಒಂದು. ಹಳೆಯ ಸ್ಕೇಟಿಂಗ್ ಉಡುಪಿನ ಚಿತ್ರ ನೋಡಿ ಮರುಳಾಗುವ ಕಾಲೇಜು ಹುಡುಗಿಯದು ಇನ್ನೊಂದು. ನಾರ್ವೆಯ ಸ್ಕೇಟರ್ ಸೋನ್ಯಾ ಹೆನಿ 1928ರಲ್ಲಿ ಒಲಿಂಪಿಕ್ ಚಿನ್ನ ಗೆದ್ದಾಗ ವಯಸ್ಸು ಹದಿನೈದು. ಗಿಡ್ಡ ಲಂಗವೂ ಬಿಳಿ ಬೂಟೂ ಜನಪ್ರಿಯವಾದದ್ದು ಆಕೆಯಿಂದ. ಈ ಎರಡು ಹಂಬಲವೂ ನೆನಪೇ? ಯೋಗಸೂತ್ರದ ಪತಂಜಲಿ ಒಪ್ಪುವುದಿಲ್ಲ. ಅನುಭವಿಸಿದ್ದು ಜಾರಿಹೋಗದೆ ಉಳಿದರೆ ಮಾತ್ರ ಸ್ಮೃತಿ. ವಸ್ತುವಿಲ್ಲದೆ ಬರೀ ಮಾತಿನ ಬೆನ್ನು ಹತ್ತಿ ಹುಟ್ಟುವುದು ವಿಕಲ್ಪ. ಬಿಳಿ ಬೂಟು ಎರಡನೆಯದಕ್ಕೆ ಹತ್ತಿರ. ಅದೇನೂ ಅವಮಾನವಲ್ಲ, ತಪ್ಪು ತಿಳಿವಳಿಕೆಯಾದ ವಿಪರ್ಯಯಕ್ಕೆ ಯೋಗಸೂತ್ರ ಬೇರೆ ಜಾಗವನ್ನೇ ಕೊಟ್ಟಿದೆ.

ಗಟ್ಟಿ ಪ್ರಶ್ನೆ ಬೇರಿಂಗ್ ಗಾಡಿಯದು. ಅಂದು ಕೂತು ಜಾರಿದ ಹುಡುಗನೂ ಇಂದು ನೆನೆಯುವ ಯಜಮಾನನೂ ಒಬ್ಬನೇ?

ಒಬ್ಬ ಕಂಡದ್ದನ್ನು ಇನ್ನೊಬ್ಬ ನೆನೆಯಲಾರ, ಆದ್ದರಿಂದ ಒಬ್ಬನೇ ಎಂದರು ನೈಯಾಯಿಕರು. ಕ್ಷಣಗಳ ಹರಿವೇ ಸಾಕು, ಒಡೆಯ ಬೇಡ ಎಂದರು ಬೌದ್ಧರು. ದೇಹದೊಳಗಿರುವವನು ಅದನ್ನು ಜೀರ್ಣವಾದ ಬಟ್ಟೆಯಂತೆ ಕಳಚುತ್ತಾನೆ ಎಂದಿತು ಗೀತೆ. (ಹಳೆಯ ಬಟ್ಟೆಗೆ ಹೊಸದಕ್ಕಿಂತ ಹೆಚ್ಚು ದುಡ್ಡು ಕೊಡುವ ಗಿರಾಕಿಗಳನ್ನು ಕೃಷ್ಣ ಕಂಡಿರಲಿಲ್ಲ.)

ಜೈನರ ಉತ್ತರವೇ ಬೇರೆ. ಉಮಾಸ್ವಾತಿಯ ತತ್ತ್ವಾರ್ಥಸೂತ್ರದಲ್ಲಿ ಜೀವವು ದೀಪದ ಬೆಳಕಿನ ಹಾಗೆ ಹಿಗ್ಗುತ್ತದೆ, ಕುಗ್ಗುತ್ತದೆ. ದೇಹದ ಅಳತೆಯೇ ಅದರ ಅಳತೆ. ಕಬ್ಬಿಣದ ಆ ಸ್ಕೇಟಿನದೂ ಇದೇ ಜಾಯಮಾನ. ತಳದ ತಗಡು ಎರಡು ತುಂಡು, ನಡುವೆ ಒಂದು ನಟ್ಟು. ಕಾಲು ಬೆಳೆದರೆ ನಟ್ಟು ಸಡಿಲಿಸಿ, ಎಳೆದು, ಮತ್ತೆ ಬಿಗಿಯುವುದು. ತಮ್ಮನ ಸರದಿ ಬಂದಾಗ ಒಳಕ್ಕೆ ತಳ್ಳುವುದು. ಸ್ಕೇಟು ಬದಲಾಯಿತೇ ಎಂದು ಕೇಳಿದರೆ ಹೌದು. ಬೇರೆಯದಾಯಿತೇ ಎಂದರೆ ಇಲ್ಲ.

ಶಂಕರರು ಜೈನರ ಈ ಮಾತನ್ನು ಸುಮ್ಮನೆ ಬಿಟ್ಟವರಲ್ಲ. ಮನುಷ್ಯನ ಅಳತೆಯ ಜೀವ ಆನೆಯಾಗಿ ಹುಟ್ಟಿದರೆ ಮೈತುಂಬ ಸಾಲದು, ಗೆದ್ದಲಾಗಿ ಹುಟ್ಟಿದರೆ ಹಿಡಿಸದು ಎಂದು ಬ್ರಹ್ಮಸೂತ್ರ ಭಾಷ್ಯದಲ್ಲಿ ಆಕ್ಷೇಪಿಸಿ, ಒಂದೇ ಜನ್ಮದ ಬಾಲ್ಯ, ಯೌವನ, ಮುಪ್ಪಿಗೂ ಇದೇ ದೋಷ ತಗುಲುತ್ತದೆ ಎಂದರು. ಹಿಗ್ಗಿ ಕುಗ್ಗುವುದು ನಿತ್ಯವಾಗಿರಲಾರದು. ತರ್ಕ ಹರಿತವಾಗಿದೆ. ಆದರೆ ಹುಟ್ಟು, ಅಳಿವು, ನೆಲೆ ಮೂರೂ ಸೇರಿದ್ದೇ ಇರವು ಎಂದು ಮೊದಲೇ ಒಪ್ಪಿಕೊಂಡ ಜೈನರಿಗೆ ಅದು ಅಷ್ಟಾಗಿ ನಾಟುವುದಿಲ್ಲ. ಹಂಬಲದ ಮಟ್ಟಿಗಂತೂ ಅವರ ಲೆಕ್ಕವೇ ಸರಿಹೊಂದುತ್ತದೆ. ಎಂದೂ ಬದಲಾಗದ ಆತ್ಮ ಏನನ್ನೂ ಕಳೆದುಕೊಂಡಿಲ್ಲ. ಬರೀ ಹರಿವಿನಲ್ಲಿ ಕಳೆದುಕೊಂಡವನೇ ಸಿಗುವುದಿಲ್ಲ.

ತಮಾಷೆಯೆಂದರೆ, ಹಂಬಲಕ್ಕೆ ತತ್ತ್ವದಲ್ಲಿ ಜಾಗ ಮಾಡಿಕೊಟ್ಟ ಅದೇ ತತ್ತ್ವಾರ್ಥಸೂತ್ರ ಅದನ್ನು ಮೆಚ್ಚುವುದಿಲ್ಲ. ಪರಿಗ್ರಹಕ್ಕೆ, ಅಂದರೆ ತನ್ನದೆಂದು ಹಿಡಿದುಕೊಳ್ಳುವುದಕ್ಕೆ, ವಸ್ತು ಕೈಯಲ್ಲೇ ಇರಬೇಕೆಂದಿಲ್ಲ, ಮೋಹವಿದ್ದರೆ ಸಾಕು ಎನ್ನುತ್ತದೆ. ಈ ಲೆಕ್ಕದಲ್ಲಿ, ಎಂದೋ ಗುಜರಿಗೆ ಹಾಕಿದ ಸ್ಕೇಟಿಗೂ ಯಜಮಾನರು ಉತ್ತರ ಹೇಳಬೇಕಾದೀತು.