ತೋರಿಕೆಯ ಧರ್ಮ

ಕಣ್ಣಿಗೆ ತೋರುವುದು ವಸ್ತುವಿನ ನಿಜಸ್ವರೂಪವಲ್ಲವೆಂದಮೇಲೆ, ಆ ತೋರಿಕೆಯನ್ನೇ ಶ್ರದ್ಧೆಯಿಂದ ಬರೆಯುವ ಚಿತ್ರಕಾರನು ಸತ್ಯದ ಉಪಾಸಕನೋ, ಸುಳ್ಳಿನ ವ್ಯಾಪಾರಿಯೋ? ಸಮಾನಾಂತರ ರೇಖೆಗಳನ್ನು ದೂರದಲ್ಲಿ ಕೂಡಿಸದೆ, ಸಮಾನ ಎತ್ತರದ ಕಂಬಗಳನ್ನು ಕ್ರಮವಾಗಿ ಕುಗ್ಗಿಸದೆ ಅವನ ಕೆಲಸ ಸಾಗದು. ಚಿತ್ರಕಲೆಯು ಇರುವುದನ್ನು ಬಿಟ್ಟು ತೋರುವುದನ್ನು ಅನುಕರಿಸುವುದೆಂದೂ, ಆದುದರಿಂದ ಅದು ಸತ್ಯಕ್ಕೆ ಬಹುದೂರವೆಂದೂ ಪ್ಲೇಟೋ ತನ್ನ ‘ರಿಪಬ್ಲಿಕ್’ ಗ್ರಂಥದ ಹತ್ತನೆಯ ಭಾಗದಲ್ಲಿ ಆಕ್ಷೇಪಿಸಿದನು.

ಈ ಆಕ್ಷೇಪಕ್ಕೆ ಒಂದು ಸಮಾಧಾನವು ಇಂಗ್ಲೆಂಡಿನ ಚಿತ್ರಕಾರ ಟರ್ನರನ ಪಾಠಗಳಲ್ಲಿ ದೊರೆಯುತ್ತದೆ. 1807ರಲ್ಲಿ ಲಂಡನ್ನಿನ ರಾಯಲ್ ಅಕಾಡೆಮಿಯು ಅವನನ್ನು ಪರ್ಸ್‌ಪೆಕ್ಟಿವ್ ಎಂಬ ಯಥಾದರ್ಶನಶಾಸ್ತ್ರದ ಪ್ರಾಧ್ಯಾಪಕನನ್ನಾಗಿ ಆರಿಸಿತು. 1811ರಿಂದ 1828ರವರೆಗೆ, ನಡುನಡುವೆ ಬಿಡುವು ಕೊಟ್ಟು, ಅವನು ಉಪನ್ಯಾಸ ಮಾಡಿದನು. ಮಾತು ತೊಡರುತ್ತಿತ್ತು, ವಾಕ್ಯಗಳು ಕೇಳುವವರಿಗೆ ಎಟುಕುತ್ತಿರಲಿಲ್ಲ; ಆದರೂ ಅಕಾಡೆಮಿಯ ಗ್ರಂಥಪಾಲಕನಾದ ಸ್ಟೊಥರ್ಡನು, ಕಿವಿ ಮಂದವಾಗಿದ್ದರೂ, ತಪ್ಪದೆ ಬಂದು ಕುಳಿತುಕೊಳ್ಳುತ್ತಿದ್ದನು; ಏಕೆಂದರೆ ಅಲ್ಲಿ ಕೇಳುವುದಕ್ಕಿಂತ ನೋಡುವುದು ಹೆಚ್ಚಾಗಿತ್ತು. ಪಾಠಕ್ಕಾಗಿ ಟರ್ನರನು ಸ್ವಹಸ್ತದಿಂದ ರಚಿಸಿದ ನೂರಕ್ಕೂ ಮಿಕ್ಕಿದ ದೊಡ್ಡ ರೇಖಾಕೃತಿಗಳಲ್ಲಿ ಬ್ಲೂಮ್ಸ್‌ಬರಿಯ ಸಂತ ಜಾರ್ಜ್ ಇಗರ್ಜಿಯ ಶಿಖರವುಂಟು, ನಯಗೊಳಿಸಿದ ಲೋಹಗೋಳಗಳ ಮೇಲಣ ಪ್ರತಿಬಿಂಬಗಳುಂಟು, ಅರ್ಧ ನೀರು ತುಂಬಿದ ಗಾಜಿನ ಗೋಳದಲ್ಲಿ ಬೆಳಕು ಬಾಗುವ ಬಗೆಯೂ ಉಂಟು.

ಈ ಆಕೃತಿಗಳು ಪ್ಲೇಟೋವಿನ ಆಕ್ಷೇಪಕ್ಕೆ ಹೇಗೆ ಸಮಾಧಾನವೆಂಬುದನ್ನು ತಿಳಿಯಲು ವೇದಾಂತದ ಒಂದು ವಿವೇಚನೆ ನೆರವಾಗುವುದು. ನಮ್ಮ ವೇದಾಂತಿಗಳು ಭ್ರಮೆಯಲ್ಲಿ ಎರಡು ಬಗೆಯನ್ನು ಹೇಳಿದರು. ಹಗ್ಗವೆಂದು ತಿಳಿದೊಡನೆ ಹಾವು ಇಲ್ಲವಾಗುವುದು ಒಂದು. ಸ್ಫಟಿಕಕ್ಕೆ ಬಣ್ಣವಿಲ್ಲವೆಂದು ಬಲ್ಲವನಿಗೂ ದಾಸವಾಳದ ಸನ್ನಿಧಿಯಲ್ಲಿ ಅದು ಕೆಂಪಾಗಿಯೇ ತೋರುವುದು ಇನ್ನೊಂದು. ಈ ಎರಡನೆಯದು ಸೋಪಾಧಿಕ, ಎಂದರೆ ಉಪಾಧಿಯೆಂಬ ಹೊರಗಣ ನಿಮಿತ್ತದಿಂದ ಉಂಟಾದುದು. ಉಪಾಧಿಯು ಇರುವವರೆಗೆ ಜ್ಞಾನಿಗೂ ಅದು ತಪ್ಪದು. ಕಂಬಸಾಲು ಕುಗ್ಗಿ ತೋರುವುದು ಈ ಜಾತಿಗೆ ಸೇರಿದುದು. ನೋಡುವವನ ಕಣ್ಣು ನಿಂತ ಸ್ಥಾನವೇ ಅದರ ಉಪಾಧಿ. ಆ ಸ್ಥಾನವು ಸರಿದಂತೆ ತೋರಿಕೆಯೂ ಸರಿಯುವುದು. ಹೀಗೆ ನಿಯತವಾಗಿ ಸರಿಯುವುದರಿಂದಲೇ ಅದನ್ನು ಗಣಿತದಿಂದ ಅಳೆಯಬಹುದು. ಯಥಾದರ್ಶನದ ಆಕೃತಿಯು ಕಣ್ಣಿನ ಬಿಂದುವನ್ನೂ, ದಿಗಂತರೇಖೆಯನ್ನೂ, ಚಿತ್ರದ ತಲವನ್ನೂ ಬಹಿರಂಗವಾಗಿ ಗುರುತಿಸಿ, ಇಲ್ಲಿ ನಿಂತವನಿಗೆ ಲೋಕವು ಹೀಗೆ ಕಾಣುವುದು ಎಂದಷ್ಟೇ ಸಾರುವುದು. ವಂಚಕನು ಉಪಾಧಿಯನ್ನು ಬಚ್ಚಿಡುವನು. ಶಾಸ್ತ್ರಜ್ಞನು ಅದನ್ನು ಮೊದಲು ತೋರಿಸಿ ಆಮೇಲೆ ದೃಶ್ಯವನ್ನು ತೋರಿಸುವನು.

ರೇಖೆಗಳಿಂದ ಮಾತ್ರ ಚಿತ್ರವಾಗದೆಂಬುದನ್ನು ಟರ್ನರನಿಗಿಂತ ಚೆನ್ನಾಗಿ ಬಲ್ಲವರು ವಿರಳ. 1844ರಲ್ಲಿ ಅವನು ಪ್ರದರ್ಶಿಸಿದ, ‘ಮಳೆ, ಹಬೆ ಮತ್ತು ವೇಗ’ ಎಂಬ ರೈಲುಚಿತ್ರದಲ್ಲಿ ಆಕಾಶ ನೀರುಗಳ ಎಲ್ಲೆಯೇ ಕರಗಿಹೋಗಿದೆ. ಆದರೂ ರೈಲು ಸಾಗುವ ಸೇತುವೆಯ ಅಂಚುಗಳು ಅದೇ ಹಳೆಯ ನಿಯಮಕ್ಕೆ ವಿಧೇಯವಾಗಿ ದೂರಕ್ಕೆ ಕಿರಿದಾಗುತ್ತ ಸಾಗಿವೆ. ತಾನು ನಿಂತ ನೆಲೆಯನ್ನು ಒಪ್ಪಿಕೊಂಡು ಕಂಡುದನ್ನು ಹೇಳುವವನ ಮಾತು ಪೂರ್ಣಸತ್ಯವಾಗದಿರಬಹುದು, ಅಸತ್ಯವಂತೂ ಅಲ್ಲ. ಯಾವ ನೆಲೆಯಲ್ಲಿಯೂ ನಿಲ್ಲದೆ ಎಲ್ಲವನ್ನೂ ಕಂಡೆನೆನ್ನುವವನ ಮಾತನ್ನೇ ನಾವು ಶಂಕಿಸಬೇಕು.