ಕೋಳಿಯ ಕೂಳು, ಪಾಪದ ಲೆಕ್ಕ

ನಮ್ಮ ದೊಡ್ಡವ್ವನ ಮನೆಯಲ್ಲಿ ಯಾರೂ ಕೋಳಿ ತಿನ್ನುವುದಿಲ್ಲ. ಆದರೆ ಅವರ ಹೊಲದಲ್ಲಿ, ಲಕ್ಷ್ಮೇಶ್ವರದಿಂದ ಶಿರಹಟ್ಟಿಗೆ ಹೋಗುವ ದಾರಿಯ ಪಕ್ಕಕ್ಕೆ, ಐದು ಸಾವಿರ ಬ್ರಾಯ್ಲರ್ ಕೋಳಿ ಹಿಡಿಸುವ ಶೆಡ್ಡಿದೆ. ಎರಡು ವರ್ಷ ಒಂದರ ಹಿಂದೊಂದು ಶೇಂಗಾ, ಉಳ್ಳಾಗಡ್ಡಿ ಕೈಗೆ ಹತ್ತದೆ ಹೋದಾಗ ದೊಡ್ಡವ್ವನ ಮಗ ಬ್ಯಾಂಕಿನ ಸಾಲ ಮಾಡಿ ಕಟ್ಟಿಸಿದ್ದು. ಆಗ ತಾಯಿ ಮಗನ ನಡುವೆ ಎಷ್ಟೋ ದಿನ ಮಾತೇ ಇರಲಿಲ್ಲ.

"ಜೀವ ಸಾಕಿ ಕೊಲ್ಲಾಕ ಕೊಡೂದು ಪಾಪ ಅಲ್ಲೇನೋ?"

"ನಾವೇನ್ ಕೊಲ್ಲಂಗಿಲ್ಲಬೇ ಯವ್ವಾ, ಸಾಕ್ತೀವಷ್ಟ."

ಈ ಉತ್ತರ ದೊಡ್ಡವ್ವನಿಗೆ ಒಪ್ಪಿಗೆಯಾಗಲಿಲ್ಲ, ಆದರೆ ಸಾಲದ ಕಂತು ಕಟ್ಟುವ ದಿನ ಬಂದಾಗ ಸುಮ್ಮನಾದಳು. ಪಾಪದ ವಿಚಾರ ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ತಿಳಿದಿದ್ದೆವು.

ಮುಂದೆ ಒಂದು ಬೇಸಿಗೆಯಲ್ಲಿ ದೊಡ್ಡವ್ವನಿಗೆ ಉರಿಮೂತ್ರವಾಗಿ, ಜ್ವರ ಬಂದು, ಹುಬ್ಬಳ್ಳಿಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಮೂರನೆಯ ದಿನ ಮೂತ್ರದ ಕಲ್ಚರ್ ರಿಪೋರ್ಟ್ ಬಂತು. ಒಂದು ಬದಿಗೆ ಔಷಧಿಗಳ ಹೆಸರು, ಇನ್ನೊಂದು ಬದಿಗೆ 'ಆರ್' ಅಥವಾ 'ಎಸ್' ಅಕ್ಷರ. 'ಆರ್' ಅಂದರೆ ಆ ಔಷಧಿಗೆ ಕ್ರಿಮಿ ಬಗ್ಗುವುದಿಲ್ಲ. ಪಟ್ಟಿಯ ಮೇಲಿಂದ ಕೆಳಗಿನವರೆಗೆ ಬಹುಪಾಲು 'ಆರ್'ಗಳೇ. ಉಳಿದಿದ್ದ ಒಂದೆರಡು ದುಬಾರಿ ಇಂಜೆಕ್ಷನ್ನುಗಳಲ್ಲಿ ಒಂದು ಹತ್ತು ದಿನ ನಡೆದು ಆಕೆ ಉಳಿದಳು. ಅಣ್ಣ ವರಾಂಡದ ಬೆಂಚಿನ ಮೇಲೆ ಕುಳಿತು ಆ ಕಾಗದವನ್ನೇ ನೋಡುತ್ತಿದ್ದ. ಆಮೇಲೆ ಸಿಪ್ರೊಫ್ಲಾಕ್ಸಸಿನ್ ಎಂಬ ಹೆಸರಿನ ಮೇಲೆ ಬೆರಳಿಟ್ಟು ಕೇಳಿದ: "ತಮ್ಮಾ, ನಮ್ಮ ಕೋಳಿ ನೀರಿಗೆ ಹಾಕೋ ಬಾಟ್ಲಿ ಮ್ಯಾಲೂ ಹಿಂಗ ಕಡೀಗೆ 'ಫ್ಲಾಕ್ಸಸಿನ್' ಅಂತ ಐತಲ್ಲೋ?"

ಇತ್ತು. ಎನ್ರೊಫ್ಲಾಕ್ಸಸಿನ್. ಕೋಳಿ, ದನಗಳಿಗೆ ಕೊಡುವ ಔಷಧಿ ಅದು, ಸಿಪ್ರೊಫ್ಲಾಕ್ಸಸಿನ್ನಿನ ದಾಯಾದಿ. ಮೈಯೊಳಗೆ ಹೋದ ಮೇಲೆ ಅದರ ಒಂದು ಪಾಲು ಸಿಪ್ರೊಫ್ಲಾಕ್ಸಸಿನ್ ಆಗಿಯೇ ಬದಲಾಗುತ್ತದೆ.

ದೊಡ್ಡವ್ವನ ಮೈಯ ಕ್ರಿಮಿ ಮಗನ ಶೆಡ್ಡಿನಿಂದಲೇ ಬಂತು ಎನ್ನಲು ಯಾವ ಆಧಾರವೂ ಇಲ್ಲ. ಆಕೆ ವರ್ಷಗಟ್ಟಲೆ ಮೆಡಿಕಲ್ ಶಾಪಿನಲ್ಲಿ ಕೇಳಿ ತಂದು ನುಂಗಿದ ಗುಳಿಗೆಗಳಿವೆ, ಊರಿನ ನೀರಿದೆ, ಆಸ್ಪತ್ರೆಯ ಹಾಸಿಗೆಯೂ ಇದೆ. ಶೆಡ್ಡಿನಿಂದ ಬಂದಿಲ್ಲ ಎಂದು ಹೇಳುವುದಕ್ಕೂ ಆಧಾರವಿಲ್ಲ. ನನ್ನ ತಲೆ ತಿನ್ನುತ್ತಿರುವುದು ಈ ಎರಡನೆಯ ಮಾತು. 1976ರಲ್ಲಿ ಅಮೆರಿಕದ ಸ್ಟುವರ್ಟ್ ಲೆವಿ ಮತ್ತು ಸಂಗಡಿಗರು ಮಸಾಚುಸೆಟ್ಸ್‌ನ ಒಂದು ರೈತ ಕುಟುಂಬದ ಜಾಗದಲ್ಲಿ ನಡೆಸಿದ ಪ್ರಯೋಗವನ್ನು ಪ್ರಕಟಿಸಿದರು. ಮರಿಗಳ ಆಹಾರದಲ್ಲಿ ಟೆಟ್ರಾಸೈಕ್ಲಿನ್ ಜಾತಿಯ ಔಷಧಿಯನ್ನು ಸ್ವಲ್ಪ ಸ್ವಲ್ಪ ಬೆರೆಸಿದಾಗ, ಅದಕ್ಕೆ ಬಗ್ಗದ ಕ್ರಿಮಿಗಳು ಮೊದಲು ಕೋಳಿಗಳ ಕರುಳಿನಲ್ಲಿ ಹೆಚ್ಚಾದವು. ಕೆಲವೇ ತಿಂಗಳಲ್ಲಿ ಆ ಮನೆಯವರ ಕರುಳಿನಲ್ಲೂ ಕಾಣಿಸಿಕೊಂಡವು. ಔಷಧಿ ನಿಲ್ಲಿಸಿ ಆರು ತಿಂಗಳಾಗುವ ಹೊತ್ತಿಗೆ ಹೆಚ್ಚಿನವರಲ್ಲಿ ಅವು ಮತ್ತೆ ಕಾಣದಾದವು. ಈ ಕೊನೆಯ ಭಾಗವನ್ನು ಜನ ಅಷ್ಟಾಗಿ ನೆನೆಯುವುದಿಲ್ಲ.

ಕೋಳಿಯ ಕೂಳಿಗೆ ಔಷಧಿ ಬಂದದ್ದು ರೋಗ ವಾಸಿ ಮಾಡುವುದಕ್ಕಲ್ಲ. 1948ರಲ್ಲಿ ಅಮೆರಿಕದ ಲೆಡರ್ಲಿ ಕಂಪನಿಯ ಥಾಮಸ್ ಜೂಕ್ಸ್ ಕೋಳಿಮರಿಗಳಿಗೆ ಅಗ್ಗದ ಪೋಷಕಾಂಶ ಹುಡುಕುತ್ತಿದ್ದ. ಆರಿಯೊಮೈಸಿನ್ ಎಂಬ ಹೊಸ ಪ್ರತಿಜೀವಕವನ್ನು ತಯಾರಿಸಿದ ಮೇಲೆ ಉಳಿಯುವ ಗಸಿಯನ್ನು ಮರಿಗಳಿಗೆ ತಿನ್ನಿಸಿ ತೂಗಿ ನೋಡಿದಾಗ, ಅವು ಉಳಿದವುಗಳಿಗಿಂತ ದಪ್ಪವಾಗಿದ್ದವು. ಗಸಿಯಲ್ಲಿ ಉಳಿದಿದ್ದ ಔಷಧಿಯ ಅಂಶವೇ ಅದಕ್ಕೆ ಕಾರಣ ಎಂದು ಆಮೇಲೆ ತಿಳಿಯಿತು. ಆ ಆರಿಯೊಮೈಸಿನ್ ಬೆಳಕಿಗೆ ಬಂದದ್ದು ಭೀಮವರಂನಿಂದ ಹೋದ ನಮ್ಮ ಯಲ್ಲಾಪ್ರಗಡ ಸುಬ್ಬರಾವ್ ಲೆಡರ್ಲಿಯಲ್ಲಿ ಸಂಶೋಧನೆಯ ಮುಖ್ಯಸ್ಥರಾಗಿದ್ದಾಗ. ಮನುಷ್ಯರನ್ನು ಉಳಿಸಲೆಂದು ಮಾಡಿದ ಔಷಧಿ ಕೋಳಿಯ ತೂಕದ ಲೆಕ್ಕಕ್ಕೆ ಸೇರಿದ್ದನ್ನು ನೋಡಲು ಅವರು ಇರಲಿಲ್ಲ. 1948ರ ಆಗಸ್ಟ್‌ನಲ್ಲೇ ತೀರಿಕೊಂಡಿದ್ದರು.

ಇದಕ್ಕೂ ಮೂರು ವರ್ಷ ಮೊದಲು, 1945ರ ಡಿಸೆಂಬರ್‌ನಲ್ಲಿ, ಅಲೆಕ್ಸಾಂಡರ್ ಫ್ಲೆಮಿಂಗ್ ತನ್ನ ನೊಬೆಲ್ ಉಪನ್ಯಾಸದಲ್ಲಿ ಒಂದು ಕಾಲ್ಪನಿಕ ಕತೆ ಹೇಳಿದ. ಗಂಟಲು ನೋವಿನ ಒಬ್ಬ ಗಂಡ ಪೆನ್ಸಿಲಿನ್ ಕೊಂಡು ಅರೆಬರೆ ತೆಗೆದುಕೊಳ್ಳುತ್ತಾನೆ. ಕ್ರಿಮಿ ಸಾಯುವುದಿಲ್ಲ, ಔಷಧಿಯನ್ನು ಎದುರಿಸಲು ಕಲಿಯುತ್ತದೆ. ಅದು ಹೆಂಡತಿಗೆ ಅಂಟುತ್ತದೆ, ಅವಳಿಗೆ ಪೆನ್ಸಿಲಿನ್ ಹತ್ತುವುದಿಲ್ಲ, ಸಾಯುತ್ತಾಳೆ. ಈ ಸಾವಿಗೆ ಯಾರು ಹೊಣೆ ಎಂದು ಫ್ಲೆಮಿಂಗ್ ಕೇಳಿ ತಾನೇ ಉತ್ತರಿಸಿದ: ಗಂಡನೇ ಹೊಣೆ, ಅವನ ಅಜಾಗ್ರತೆಯೇ ಕ್ರಿಮಿಯ ಸ್ವಭಾವವನ್ನು ಬದಲಿಸಿತು.

ಆ ಕತೆಯಲ್ಲಿ ಮಾಡಿದವನಿದ್ದಾನೆ, ಅನುಭವಿಸಿದವಳಿದ್ದಾಳೆ, ಇಬ್ಬರೂ ಒಂದೇ ಮನೆಯಲ್ಲಿದ್ದಾರೆ. ನಮ್ಮ ಪಾಪದ ಕಲ್ಪನೆಯೂ ಇಂಥದೇ. ಮಾಡಿದ್ದುಣ್ಣೋ ಮಾರಾಯ ಅನ್ನುತ್ತೇವೆ. ಅಣ್ಣನ ಶೆಡ್ಡಿನಲ್ಲಿ ಈ ಲೆಕ್ಕ ಕೂಡುವುದಿಲ್ಲ. ಅಲ್ಲಿ ಅಜಾಗ್ರತೆ ಯಾರದು? ಮರಿ ಕಂಪನಿಯದು, ಫೀಡು ಕಂಪನಿಯದು, ಬಾಟಲಿಯೂ ಕಂಪನಿಯದೇ. ಶೆಡ್ಡು, ನೀರು, ಕರೆಂಟು, ಹಗಲು ರಾತ್ರಿಯ ದುಡಿಮೆ ಅಣ್ಣನದು. ನಲವತ್ತು ಗ್ರಾಮಿನ ಮರಿ ಆರು ವಾರದಲ್ಲಿ ಎರಡು ಕಿಲೋ ದಾಟಬೇಕು. ಕಿಲೋ ಮಾಂಸಕ್ಕೆ ಎಷ್ಟು ಫೀಡು ಹೋಯಿತು, ಎಷ್ಟು ಕೋಳಿ ಸತ್ತವು ಎಂಬುದರ ಮೇಲೆ ಅವನ ಕೂಲಿ ನಿಲ್ಲುತ್ತದೆ. ಚೀಲದ ಚೀಟಿಯಲ್ಲಿ ಪ್ರೋಟೀನ್ ಇಷ್ಟು, ನಾರು ಇಷ್ಟು ಎಂದಿರುತ್ತದೆ, ಔಷಧಿಯ ಮಾತಿರುವುದಿಲ್ಲ. "ಒಳಗ ಏನ್ ಐತಿ ಅಂತ ನಾ ಹೆಂಗ್ ಹೇಳ್ಲಿ? ಹಾಕು ಅಂದ್ರ ಹಾಕ್ತೀನಿ" ಎಂದ. ಸೂಪರ್ವೈಸರ್‌ನನ್ನು ಕೇಳಿದರೆ ಆಫೀಸು ಕಳಿಸಿದ್ದು ಅನ್ನುತ್ತಾನೆ. ಆಫೀಸಿನವರನ್ನು ಕೇಳಿದರೆ, ಗಿರಾಕಿಗೆ ಅಗ್ಗದ ಕೋಳಿ ಬೇಕಲ್ಲ ಎಂದಾರು. ಪ್ರತಿಯೊಬ್ಬರ ಮಾತೂ ನಿಜವೇ, ಆದರೆ ಆ ನಿಜಗಳನ್ನೆಲ್ಲ ಕೂಡಿಸಿದರೆ ಹೊಣೆ ಹೊರುವವರು ಯಾರೂ ಸಿಗುವುದಿಲ್ಲ.

ಕಾನೂನು ಸುಮ್ಮನೆ ಕೂತಿಲ್ಲ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರ ಕೊಲಿಸ್ಟಿನ್ ಎಂಬ ಔಷಧಿಯನ್ನು ಕೋಳಿ, ಮೀನು, ಪಶು ಆಹಾರದಲ್ಲಿ ನಿಷೇಧಿಸಿತು. ಬೇರೇನೂ ಹತ್ತದ ರೋಗಿಗೆ ವೈದ್ಯರು ಕೊನೆಯಲ್ಲಿ ಕೈಹಾಕುವ ಔಷಧಿ ಅದು. ಸ್ವೀಡನ್ 1986ರಲ್ಲೇ ಬೆಳವಣಿಗೆಗಾಗಿ ಪ್ರತಿಜೀವಕ ಬೆರೆಸುವುದನ್ನು ನಿಲ್ಲಿಸಿತು, ಇಡೀ ಐರೋಪ್ಯ ಒಕ್ಕೂಟ 2006ರಲ್ಲಿ. ನಿಲ್ಲಿಸಿದ ಮೇಲೆ ಅದರ ಜಾಗಕ್ಕೆ ಏನು?

ಒಂದು ಬ್ಯಾಚಿಗೆ ಅಣ್ಣನಿಗೆ ಬೇರೆ ಡಬ್ಬಿಗಳು ಬಂದವು. ಒಂದರಲ್ಲಿ ಒಳ್ಳೆಯ ಬ್ಯಾಕ್ಟೀರಿಯಾದ ಪುಡಿ, ಇನ್ನೊಂದರಲ್ಲಿ ನೀರಿಗೆ ಬೆರೆಸುವ ಆಮ್ಲ, ಮತ್ತೊಂದರಲ್ಲಿ ಗಿಡಮೂಲಿಕೆಯ ಎಣ್ಣೆ. ದೊಡ್ಡವ್ವ ಆ ಎಣ್ಣೆಯ ಮುಚ್ಚಳ ತೆಗೆದು ಮೂಸಿ ನಕ್ಕುಬಿಟ್ಟಳು: "ಇದು ಅಜವಾನ ಅಲ್ಲೇನೋ! ನಿನಗ ಹೊಟ್ಟಿ ಉಬ್ಬಿದ್ರ ನಾ ಇದನ್ನ ಕುದಿಸಿ ಕುಡಸ್ತಿದ್ದೆ." ಆಕೆಯ ಮೂಗು ಸುಳ್ಳು ಹೇಳಲಿಲ್ಲ. ಅಜವಾನದ ಘಾಟಿನ ಮೂಲ ಥೈಮಾಲ್, ಮೂಲಿಕೆಯ ಫೀಡ್ ಎಣ್ಣೆಗಳಲ್ಲಿ ಅದು ಮುಖ್ಯವಾದದ್ದು. ಬಳ್ಳೊಳ್ಳಿ, ಅರಿಷಿಣ ಕೂಡ ಈ ಸಾಲಿನಲ್ಲಿವೆ. ಒಳ್ಳೆಯ ಬ್ಯಾಕ್ಟೀರಿಯಾ ಅಂದರೆ ಮಜ್ಜಿಗೆಯಲ್ಲಿರುವಂಥವುಗಳ ಬಳಗ; ಅವು ಕರುಳಿನಲ್ಲಿ ಜಾಗ ಹಿಡಿದು ಕೆಟ್ಟವಕ್ಕೆ ಎಡೆ ಕೊಡುವುದಿಲ್ಲ. ಆಮ್ಲ ಕರುಳಿನ ಹುಳಿ ಹೆಚ್ಚಿಸಿ ಅವನ್ನು ತಡೆಯುತ್ತದೆ. ಯೀಸ್ಟಿನ ಜೀವಕೋಶದ ಗೋಡೆಯಿಂದ ತೆಗೆದ ಒಂದು ಬಗೆಯ ಸಕ್ಕರೆಯೂ ಇದೆ, ಕೆಟ್ಟ ಕ್ರಿಮಿ ಕರುಳಿನ ಗೋಡೆಗೆ ಅಂಟುವ ಬದಲು ಅದಕ್ಕೆ ಅಂಟಿ ಹೊರಗೆ ಹೋಗುತ್ತದೆ.

ನಮ್ಮ ಅಡುಗೆಮನೆಯೇ ಜಗತ್ತನ್ನು ಉಳಿಸುತ್ತದೆ ಎಂದು ಹಿಗ್ಗುವುದು ಸುಲಭ, ಅದರಲ್ಲೂ ಕಪ್ಪತಗುಡ್ಡದ ನೆರಳಿನ ಜಿಲ್ಲೆಯವರಿಗೆ. ಮುಂಡರಗಿ, ಶಿರಹಟ್ಟಿಯ ಕಡೆಯ ಜನ ಆ ಗುಡ್ಡದ ಔಷಧಿ ಸಸ್ಯಗಳ ಬಗ್ಗೆ ಮಾತಾಡುವಾಗ ಧ್ವನಿಯೇ ಬೇರೆ. ನನಗೆ ಇಲ್ಲೊಂದು ಹೆದರಿಕೆಯಿದೆ. ಮನುಷ್ಯನ ಒಂದು ಚಿಟಿಕೆ ಬೇರೆ, ಲಕ್ಷಗಟ್ಟಲೆ ಕೋಳಿಗಳ ದಿನದ ಕೂಳು ಬೇರೆ. ವನ್ಯಜೀವಿ ಧಾಮ ಎಂದು 2019ರಲ್ಲಿ ಹೆಸರು ಪಡೆಯಲು ಅಷ್ಟು ಹೋರಾಟ ಕಂಡ ಗುಡ್ಡವನ್ನು ಫೀಡಿನ ಚೀಲಕ್ಕೆ ತುಂಬುವ ದಿನ ಬಾರದಿರಲಿ. ಗಿಡಮೂಲಿಕೆ ಎಂದ ಮಾತ್ರಕ್ಕೆ ಸಾತ್ವಿಕವೂ ಅಲ್ಲ. ಇದೇ ಕೆಲಸಕ್ಕೆ ಬಳಸುವ ತಾಮ್ರ, ಸತುವಿನ ಲವಣಗಳು ಹೆಚ್ಚಾದರೆ, ಅವೂ ಔಷಧಿಗೆ ಬಗ್ಗದ ಕ್ರಿಮಿಗಳಿಗೇ ಅನುಕೂಲ ಮಾಡಿಕೊಡಬಲ್ಲವು.

ಅಣ್ಣನ ಆ ಬ್ಯಾಚು ಅಷ್ಟೇನೂ ಚೆನ್ನಾಗಿ ಬರಲಿಲ್ಲ. ಮಳೆಗಾಲ, ಹೊಟ್ಟಿನ ಹಾಸು ಹಸಿಯಾಗಿ ಅಮೋನಿಯಾ ಕಣ್ಣಿಗೆ ಹೊಡೆಯುತ್ತಿತ್ತು. ಕೆಲವು ಕೋಳಿ ಭೇದಿಯಾಗಿ ಸತ್ತವು, ತೂಕ ಕಡಿಮೆಯಾಯಿತು, ಕೂಲಿ ಇಳಿಯಿತು. "ನಿನ್ನ ಅಜವಾನ ಸುಡುಗಾಡಿಗೆ ಹೋತು" ಎಂದು ನನ್ನನ್ನೇ ಬೈದ, ಡಬ್ಬಿ ಕಳಿಸಿದವನು ನಾನೇ ಎಂಬಂತೆ. ಅವನ ಸಿಟ್ಟಿನಲ್ಲಿ ಒಂದು ವಿಷಯ ನನಗೆ ಹೊಳೆಯಿತು. ಪರ್ಯಾಯ ಅನ್ನುತ್ತೇವಲ್ಲ, ಯಾವುದಕ್ಕೆ ಪರ್ಯಾಯ? ಆ ಬಾಟಲಿ ಇಷ್ಟು ದಿನ ಮಾಡುತ್ತಿದ್ದದ್ದು ಒಣಗಿದ ಹಾಸಿನ ಕೆಲಸ, ಗಾಳಿಯಾಡುವ ಜಾಗದ ಕೆಲಸ, ಎರಡು ಬ್ಯಾಚಿನ ನಡುವೆ ಶೆಡ್ಡು ಖಾಲಿ ಬಿಟ್ಟು ಸುಣ್ಣ ಹೊಡೆಯುವ ದಿನಗಳ ಕೆಲಸ. ಅದೆಲ್ಲಕ್ಕೂ ಅಗ್ಗದ ಬದಲಿಯಾಗಿ ಔಷಧಿ ಬಂದಿತ್ತು. ಈಗ ಆ ಬದಲಿಗೆ ಇನ್ನೊಂದು ಬದಲಿ ಹುಡುಕುತ್ತ, ಹಳೆಯ ತಕ್ಕಡಿಯಲ್ಲೇ ತೂಗಿ, ಅಷ್ಟೇ ದಿನಕ್ಕೆ ಅಷ್ಟೇ ತೂಕ ಬರಲಿ ಅನ್ನುತ್ತಿದ್ದೇವೆ. ಡೆನ್ಮಾರ್ಕಿನ ಕೋಳಿ ಸಾಕಣೆದಾರರು 1998ರಲ್ಲಿ ಬೆಳವಣಿಗೆಯ ಔಷಧಿ ಕೈಬಿಟ್ಟಾಗ ಕೋಳಿಗಳ ಸಾವು ಹೆಚ್ಚಲಿಲ್ಲ. ಕಿಲೋ ಮಾಂಸಕ್ಕೆ ಫೀಡು ಮಾತ್ರ ತುಸು ಹೆಚ್ಚು ಹೋಯಿತು. ಆ ತುಸುವನ್ನು ಯಾರು ಕೊಡಬೇಕು ಎಂಬ ಪ್ರಶ್ನೆಗೆ ಯಾವ ಡಬ್ಬಿಯೂ ಉತ್ತರ ಹೇಳುವುದಿಲ್ಲ. ನಮ್ಮಲ್ಲಿ ಸದ್ಯಕ್ಕೆ ಅದನ್ನು ಕೊಟ್ಟವನು ಅಣ್ಣ. ಕೇಳದೆ, ಅವನ ಕೂಲಿಯಲ್ಲಿ ಹಿಡಿದುಕೊಂಡು. ಇದು ನ್ಯಾಯವಲ್ಲ ಎಂದೇ ನನ್ನ ತೀರ್ಮಾನ. ತಿಳಿಯುವ ಹಕ್ಕಿಲ್ಲದವನಿಗೆ ಹೊಣೆ ಹೊರಿಸುವುದು, ನಷ್ಟವನ್ನೂ ಅವನಿಗೇ ಬಿಡುವುದು, ಇವೆರಡೂ ಒಟ್ಟಿಗೆ ನಡೆಯಬಾರದು.

ಕೋಳಿ ತಿನ್ನದ ನಮ್ಮಂಥವರು ಇದರಿಂದ ಹೊರಗಿದ್ದೇವೆ ಎಂಬ ನಂಬಿಕೆಯೂ ಉಳಿಯುವುದಿಲ್ಲ. ಬ್ಯಾಚು ಎತ್ತಿದ ಮೇಲೆ ಶೆಡ್ಡಿನ ಗೊಬ್ಬರ ಟ್ರ್ಯಾಕ್ಟರಿನಲ್ಲಿ ಹೋಗುವುದು ಸುತ್ತಲಿನ ಮೆಣಸಿನಕಾಯಿ, ಉಳ್ಳಾಗಡ್ಡಿ ಹೊಲಗಳಿಗೆ. ಔಷಧಿಯ ಉಳಿಕೆ, ಬಗ್ಗದ ಕ್ರಿಮಿ ಎರಡೂ ಅದರ ಜೊತೆ ಹೋಗಬಲ್ಲವು. ಶ್ರಾವಣ ಸೋಮವಾರ ಉಪವಾಸ ಮಾಡುವವರ ಹೊಲ ಯಾವುದು, ಖಾನಾವಳಿಯವರ ಹೊಲ ಯಾವುದು ಎಂದು ಅವು ಕೇಳುವುದಿಲ್ಲ. ದೊಡ್ಡವ್ವ ಮೊದಲ ದಿನ ಎತ್ತಿದ್ದ ಪಾಪದ ಪ್ರಶ್ನೆ ಸರಿಯಾಗಿಯೇ ಇತ್ತು, ಕೊಲ್ಲುವುದು ಒಂದೇ ಪಾಪ ಎಂದು ನಾವು ಅದನ್ನು ಸಣ್ಣದು ಮಾಡಿದೆವು ಅನ್ನಿಸುತ್ತದೆ.

ಮೊನ್ನೆ ಹೋದಾಗ ಹೊಸ ಮರಿಗಳು ಬಂದಿದ್ದವು. ಸೂಪರ್ವೈಸರ್ ಬೈಕ್ ನಿಲ್ಲಿಸುತ್ತಿದ್ದಂತೆ ದೊಡ್ಡವ್ವ ಕಟ್ಟೆಯಿಂದ ಇಳಿದು ಬಂದಳು.

"ಈ ಸಲ ಏನೇನ್ ಹಾಕೀರಿ ಅದ್ರಾಗ? ಹೆಸರು ಹೇಳ್ರಿ, ಇವನು ಬರ್ಕೋತಾನ."

ಆ ಹುಡುಗ ತಲೆ ಕೆರೆದುಕೊಂಡು, ಆಫೀಸಿಗೆ ಕೇಳಿ ಹೇಳ್ತೀನವ್ವಾ ಎಂದ. ಶೆಡ್ಡಿನ ಬಾಗಿಲ ಹಿಂದೆ ಗೊಬ್ಬರದಂಗಡಿಯವರು ಕೊಟ್ಟ ಕ್ಯಾಲೆಂಡರ್ ತೂಗುತ್ತಿತ್ತು. ಯಾವ ದಿನ ಯಾವ ಬಾಟಲಿ ಎಂದು ಅಣ್ಣ ಅದರಲ್ಲಿ ಪೆನ್ಸಿಲಿನಿಂದ ಬರೆಯುತ್ತ ಬಂದಿದ್ದಾನೆ. ಹೆಸರು ಗೊತ್ತಿಲ್ಲದ ದಿನಗಳಿಗೆ ಒಂದು ಸೊನ್ನೆ ಹಾಕಿದ್ದಾನೆ. ಆ ತಿಂಗಳಲ್ಲಿ ಹನ್ನೊಂದು ಸೊನ್ನೆಗಳಿದ್ದವು.